ಇನ್ಸ್‌ಪೆಕ್ಟರು ಕಾಣೆಯಾಗಿದ್ದಾರೆ

ಇನ್ಸ್‌ಪೆಕ್ಟರು ಸಿಗುತ್ತಿರಲಿಲ್ಲ. ಯಾರಿಗೆ ಸಿಗುತ್ತಿರಲಿಲ್ಲ ಅಂತ ಕೇಳಿ. ಕೋರ್ಟಿಗೆ ಸಿಗುತ್ತಿರಲಿಲ್ಲ. ಮಿಕ್ಕವರಿಗೆಲ್ಲ ಧಾರಾಳವಾಗಿ ಸಿಗುತ್ತಿದ್ದರು. ಬೆಳಿಗ್ಗೆ ಹೊಟ್ಟೆ ಕರಗಿಸಲು ಮೈದಾನದಲ್ಲಿ ಓಡುತ್ತಿದ್ದರು. ಆಮೇಲೆ ಸ್ಟೇಷನ್ನಿನ ಮುಂದೆ ಜೀಪಿನಿಂದ ಇಳಿಯುತ್ತಿದ್ದರು. ಸಂಜೆ ತರಕಾರಿಯವರ ತಕ್ಕಡಿ ಒದೆಯಲು ಮಾರುಕಟ್ಟೆಗೆ ಬರುತ್ತಿದ್ದರು. ಆದರೆ ಕೋರ್ಟಿನ ಅಮೀನರು ಸಮನ್ಸ್ ಹಿಡಿದುಕೊಂಡು ಹೊರಟರೆ ಸಾಕು, ಇನ್ಸ್‌ಪೆಕ್ಟರು ಮಂಗಮಾಯ. ಅಮೀನರು ವಾಪಸು ಬಂದು ಸಮನ್ಸಿನ ಹಿಂದೆ ಬರೆಯುತ್ತಿದ್ದರು: ಪ್ರತಿವಾದಿ ಹುಡುಕಿದರೂ ಸಿಗಲಿಲ್ಲ.

ದಾವೆ ಹಾಕಿದವಳು ಗೋಂದಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಯಾರಿಗೂ ಬೇಕಾಗಿರಲಿಲ್ಲ. ಗೋಡೆಗಳಿಗೆ ಪೋಸ್ಟರ್ ಅಂಟಿಸುವುದು ಅವಳ ಮನೆಯ ಕಸುಬು. ಸಿನಿಮಾ, ಸರ್ಕಸ್ಸು, ಚುನಾವಣೆ, ಕಳೆದುಹೋದ ನಾಯಿ, ಎಲ್ಲವೂ ಅವಳ ಕೈಯಿಂದಲೇ ಗೋಡೆ ಹತ್ತಬೇಕು. ಮೈದಾ ಹಿಟ್ಟನ್ನು ಡ್ರಮ್ಮಿನಲ್ಲಿ ಕುದಿಸಿ, ಗಂಟು ಒಡೆಯಲು ಬಿಸಿ ಇರುವಾಗಲೇ ಕೈ ಹಾಕಬೇಕು. ಆ ಗೋಂದು ಮೊಣಕೈವರೆಗೂ ಒಣಗಿ ಸಿಪ್ಪೆಯಾಗುತ್ತದೆ. ಸಿಪ್ಪೆ ಕಿತ್ತರೆ ರೋಮವೂ ಜೊತೆಗೆ ಬರುತ್ತದೆ. ಅಂಗೈ ಬಿರಿದು, ಬಿರುಕಿನೊಳಗೆ ಹಿಟ್ಟು ಕೂತು, ಮುಷ್ಟಿ ಕಟ್ಟಿದರೆ ರಕ್ತ ಬರುತ್ತದೆ. ಹಳಸಿದ ಗೋಂದಿನ ಹುಳಿವಾಸನೆ ಮೈಗೆ ಹತ್ತಿದ್ದು ಯಾವ ಸೋಪಿಗೂ ಬಗ್ಗುವುದಿಲ್ಲ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇದ್ದರೂ ಜನ ಕಂಬ ಹಿಡಿದು ನಿಂತೇ ಹೋಗುತ್ತಾರೆ. "ನಮಗೆ ಇಬ್ಬರ ಸೀಟು, ಒಬ್ಬರ ಟಿಕೀಟು" ಎಂದು ಅವಳು ಮಗಳಿಗೆ ಹೇಳಿ ನಗುತ್ತಿದ್ದಳು.

ಮಗನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಉದ್ದಕ್ಕಿದ್ದ, ಏಣಿ ಹೊರುತ್ತಿದ್ದ, ದಿನದ ಅರ್ಧ ಹೊತ್ತು ಏಣಿಯ ತುದಿಯಲ್ಲೇ ಇರುತ್ತಿದ್ದ. ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಪೋಸ್ಟರು. ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಆದರೂ ಒಂದು ದಿನವೂ ಬಿದ್ದವನಲ್ಲ.

ಅವನು ಮಾಡಿದ ಅಪರಾಧ ಕೇಳಿ. ಮಾರುಕಟ್ಟೆಯ ಗೋಡೆಯ ಮೇಲೆ ಯಾರೋ ಬಾಲಬಡುಕರು ಇನ್ಸ್‌ಪೆಕ್ಟರಿಗೆ ಅಭಿನಂದನೆಯ ಪೋಸ್ಟರ್ ಹಾಕಿಸಿದ್ದರು. ಆಳೆತ್ತರದ ಮುಖ, ಎದೆಯ ತುಂಬ ಪದಕ. ಪೋಸ್ಟರು ಹಳೆಯದಾಗಿ ಬಣ್ಣ ಹೋಗಿತ್ತು. ಹಳೆಯದರ ಮೇಲೆ ಹೊಸದು ಅಂಟಿಸುವುದು ಇವರ ಕಸುಬಿನಲ್ಲಿ ನಡೆದು ಬಂದ ಪದ್ಧತಿ. ಏಣಿ ಅದರ ಮೇಲೆ ಸರ್ಕಸ್ಸಿನ ಪೋಸ್ಟರ್ ಎಳೆದ. ಕಾಗದ ಗಿಡ್ಡವಾಯಿತು, ಮುಖ ಪೂರ್ತಿ ಮುಚ್ಚಲಿಲ್ಲ. ಮೇಲೆ ಕೋಡಂಗಿಯ ಟೋಪಿ ಮತ್ತು ಕೆಂಪು ಮೂಗು, ಕೆಳಗೆ ಇನ್ಸ್‌ಪೆಕ್ಟರ ಮೀಸೆ ಮತ್ತು ಪದಕ. ಮಾರುಕಟ್ಟೆಗೆ ಮಾರುಕಟ್ಟೆಯೇ ನಿಂತು ನಕ್ಕಿತು. ಸಂಜೆ ಜೀಪು ಬಂತು. ಇನ್ಸ್‌ಪೆಕ್ಟರು ತಾವೇ ಇಳಿದು ಏಣಿಯ ಕತ್ತಿನಪಟ್ಟಿ ಹಿಡಿದು ಎಳೆದುಕೊಂಡು ಹೋದರು. ಗೋಂದಮ್ಮ ಜೀಪಿನ ಹಿಂದೆ ಸ್ಟೇಷನ್ನಿನವರೆಗೂ ಓಡಿದಳು. ಅವನನ್ನು ಮೆಟ್ಟಿಲು ಹತ್ತಿಸಿದ್ದನ್ನು ನೋಡಿದಳು. ಬಾಗಿಲು ಹಾಕಿದ್ದನ್ನು ನೋಡಿದಳು. ಮರುದಿನ ಅವಳಿಗೆ ಹೆಣ ಕೊಟ್ಟರು.

ಸ್ಟೇಷನ್ನಿನ ಮೆಟ್ಟಿಲಿಂದ ಜಾರಿ ಬಿದ್ದು ಸತ್ತನಂತೆ. ಆ ಸ್ಟೇಷನ್ನಿಗೆ ಇರುವುದು ಮೂರು ಮೆಟ್ಟಿಲು. ಮಗನ ಬೆನ್ನಿನ ಮೇಲೆ, ತೊಡೆಯ ಮೇಲೆ, ಅಂಗಾಲಿನ ಮೇಲೆ ಬಾಸುಂಡೆಗಳಿದ್ದವು. ಮೆಟ್ಟಿಲಿನ ಕೈಯಲ್ಲಿ ಲಾಠಿ ಇತ್ತೇನೋ.

ವಿಚಾರಣೆ ಮಾಡಿದವರೂ ಪೊಲೀಸರೇ. ಮೆಟ್ಟಿಲಿನದೇ ತಪ್ಪು ಎಂದು ಬರೆದು ಫೈಲು ಮುಚ್ಚಿದರು. ಆಗ ವಕೀಲಮ್ಮ ಸಿಕ್ಕಳು. ಚಿಕ್ಕ ವಯಸ್ಸು, ಸವೆದ ಚಪ್ಪಲಿ, ಕೋರ್ಟಿನ ಹೊರಗೆ ಮರದ ಕೆಳಗೊಂದು ಮೇಜು.

"ಅಮ್ಮ, ಆ ದಾರಿ ಅವರು ಮುಚ್ಚಿಬಿಟ್ಟಿದಾರೆ. ಸಿವಿಲ್ ದಾವೆ ಹಾಕೋಣ. ಮಗನ ಸಾವಿಗೆ ಪರಿಹಾರ ಕೇಳೋಣ. ಹಾಗೆ ಮಾಡಿದ್ರೆ ಆ ಮನುಷ್ಯ ಕೋರ್ಟಿಗೆ ಬಂದು ಉತ್ತರ ಬರೆದುಕೊಡ್ಲೇಬೇಕು" ಎಂದಳು.

"ದುಡ್ಡು ಬೇಡ ಅನ್ನೋ ಅಷ್ಟು ದೊಡ್ಡವಳಲ್ಲ ನಾನು. ದುಡ್ಡೂ ಬೇಕು" ಎಂದಳು ಗೋಂದಮ್ಮ. "ಆದ್ರೆ ಮೊದಲು ಅವನು ಬಾಯಿ ಬಿಡ್ಲಿ. ಆ ಬಾಗಿಲು ಹಾಕ್ಕೊಂಡ ಮೇಲೆ ನನ್ನ ಮಗನಿಗೆ ಏನೇನು ಮಾಡ್ದ ಅಂತ ಹೇಳ್ಲಿ."

ಬಾಯಿ ಬಿಡಿಸಬೇಕಾದರೆ ಮನುಷ್ಯ ಸಿಗಬೇಕಲ್ಲ. ತಾರೀಕಿನ ಮೇಲೆ ತಾರೀಕು ಹೋಯಿತು. ಪ್ರತಿ ಸಲವೂ ಗೋಂದಮ್ಮ ಕೆಲಸ ಬಿಟ್ಟು ಬಂದು ಕೋರ್ಟಿನ ಗೋಡೆಗೆ ಒರಗಿ ನಿಂತಳು. ಪ್ರತಿ ಸಲವೂ ಅದೇ ಮಾತು, ಸಿಗಲಿಲ್ಲ. ಕೊನೆಗೊಂದು ದಿನ ಜಡ್ಜ್ ಸಾಹೇಬರು ಕನ್ನಡಕ ತೆಗೆದು, ಮುಂದಿನ ತಾರೀಕಿನೊಳಗೆ ಸಮನ್ಸ್ ಮುಟ್ಟಿಸದಿದ್ದರೆ ದಾವೆ ವಜಾ ಎಂದುಬಿಟ್ಟರು.

"ವಜಾ ಅಂದ್ರೆ?" ಎಂದು ಗೋಂದಮ್ಮ ಹೊರಗೆ ಬಂದು ವಕೀಲಮ್ಮನನ್ನು ಕೇಳಿದಳು.

"ಮುಗೀತು ಅಂತ. ಅವನು ಇನ್ನು ಉತ್ತರ ಕೊಡೋದೇ ಬೇಕಿಲ್ಲ."

ಗೋಂದಮ್ಮ ಕಾಲ ಬಳಿಯಿದ್ದ ಗೋಂದಿನ ಬಕೆಟ್ಟನ್ನು ನೋಡಿದಳು. ಆಮೇಲೆ ಕೇಳಿದಳು, "ಮನುಷ್ಯ ಕಳೆದುಹೋದ್ರೆ ಕಂಪ್ಲೇಂಟ್ ಎಲ್ಲಿ ಕೊಡೋದು?"

"ಪೊಲೀಸ್ ಸ್ಟೇಷನ್ನಲ್ಲಿ" ಎಂದ ವಕೀಲಮ್ಮ ತಲೆ ಎತ್ತಿ ನೋಡಿದಳು. ಅಷ್ಟರಲ್ಲಿ ಗೋಂದಮ್ಮ ಬಕೆಟ್ಟು ಎತ್ತಿಕೊಂಡು ಹೊರಟಾಗಿತ್ತು.

ಮಗಳನ್ನೂ ಕರೆದುಕೊಂಡು ಹೋದಳು. ಮಗಳು ಅಣ್ಣನ ಏಣಿಯನ್ನು ಈಗ ಅವಳೇ ಹೊರುತ್ತಿದ್ದಳು, ನಾಲಿಗೆಯಂತೂ ಅಮ್ಮನದಕ್ಕಿಂತ ಒಂದು ಗೇಣು ಮುಂದೆ. ಸ್ಟೇಷನ್ನಿನಲ್ಲಿ ದಫೇದಾರ ಹೊಟ್ಟೆಯನ್ನು ಮೇಜಿನ ಅಂಚಿಗೆ ಆನಿಸಿಕೊಂಡು ಕೂತಿದ್ದ. ವಾಸನೆ ಬಂದ ಕೂಡಲೇ ಮೂಗು ಮುಚ್ಚಿಕೊಂಡ. ಮೇಜಿನ ಮುಂದೆ ಎರಡು ಕುರ್ಚಿ ಖಾಲಿ ಇದ್ದವು. ಕೂರು ಅನ್ನಲಿಲ್ಲ. ಬಾಗಿಲ ಹತ್ತಿರವೇ ನಿಲ್ಲು ಎಂದು ಬೆರಳು ತೋರಿಸಿದ.

"ಏನು?"

"ಕಂಪ್ಲೇಂಟ್ ಕೊಡ್ಬೇಕಿತ್ತು ಸ್ವಾಮಿ."

"ಏನು ಕಳ್ಕೊಂಡೆ?"

"ವಸ್ತು ಅಲ್ಲ, ಒಬ್ಬ ಮನುಷ್ಯ. ಎಲ್ಲಿ ಹುಡುಕಿದ್ರೂ ಸಿಗ್ತಿಲ್ಲ."

ದಫೇದಾರ ಆಕಳಿಸಿ ಪೆನ್ನು ತೆಗೆದ. ದಿನಕ್ಕೊಂದು ಇಂಥವು ಬರುತ್ತವೆ. ಗಂಡ ಓಡಿಹೋಗಿರುತ್ತಾನೆ, ಇಲ್ಲವೇ ಅಳಿಯ.

"ವಯಸ್ಸು?"

"ನಲವತ್ತರ ಮೇಲೆ ಇರ್ಬೇಕು."

"ಮೈಕಟ್ಟು?"

"ಚೆನ್ನಾಗಿ ತಿಂದುಂಡ ಮೈ."

"ಗುರುತು?"

"ದಪ್ಪ ಮೀಸೆ. ಎಡಗೈಯಲ್ಲಿ ಚಿನ್ನದ ಬಣ್ಣದ ವಾಚು."

ದಫೇದಾರ ಎಲ್ಲವನ್ನೂ ನೀಟಾಗಿ ಬರೆದುಕೊಳ್ಳುತ್ತಿದ್ದ. "ಕೊನೇ ಸಲ ನೋಡ್ದಾಗ ಯಾವ ಬಟ್ಟೆ ಹಾಕಿದ್ದ?"

"ಖಾಕಿ."

ಪೆನ್ನು ನಿಂತಿತು.

"ಎಲ್ಲಿ ನೋಡಿದ್ದು ಕೊನೇ ಸಲ?"

"ಇಲ್ಲೇ. ನನ್ನ ಮಗನ ಕತ್ತಿನಪಟ್ಟಿ ಹಿಡ್ಕೊಂಡು ಈ ಮೆಟ್ಟಿಲು ಹತ್ತಿಸ್ತಿದ್ರು."

ದಫೇದಾರನ ಮುಖಕ್ಕೆ ರಕ್ತ ಏರಿತು. "ಏನೇ, ಆಟ ಆಡ್ತೀಯಾ ನನ್ನ ಹತ್ರ?"

"ಆಟ ಅಲ್ಲ ಸ್ವಾಮಿ. ಕೋರ್ಟಿನ ಅಮೀನ್ರು ಬರೆದುಕೊಟ್ಟಿದಾರೆ, ನಿಮ್ಮ ಇನ್ಸ್‌ಪೆಕ್ಟರು ಹುಡುಕಿದರೂ ಸಿಗಲಿಲ್ಲ ಅಂತ. ಒಂದು ಸಲ ಅಲ್ಲ, ಪ್ರತಿ ಸಲ. ಹೆಂಡತಿ ಮಕ್ಕಳಿರೋ ಮನುಷ್ಯ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ? ನಿಮಗ್ಯಾರಿಗೂ ಚಿಂತೆ ಇದ್ದಂಗಿಲ್ಲ, ಅದಕ್ಕೆ ನಾನೇ ಬಂದೆ."

ಆಗ ಒಳಗಿನ ಕೋಣೆಯಿಂದ ಯಾರೋ ಕೆಮ್ಮಿದರು. ಕೋಣೆಗೆ ಪರದೆ ಇತ್ತು. ಪರದೆ ನೆಲಕ್ಕಿಂತ ಒಂದಿಷ್ಟು ಮೇಲಿತ್ತು.

"ಒಳಗಡೆ ಯಾರೋ ಇದಾರೆ" ಎಂದಳು ಗೋಂದಮ್ಮ.

"ಯಾರೂ ಇಲ್ಲ. ಗಾಳಿ."

"ಗಾಳಿ ಬೂಟು ಹಾಕ್ಕೊಂಡಿದೆಯಲ್ಲ ಸ್ವಾಮಿ" ಎಂದಳು ಮಗಳು.

ಪರದೆಯ ಕೆಳಗಿದ್ದ ಕಂದು ಬೂಟುಗಳು ಮೆಲ್ಲಗೆ ಹಿಂದೆ ಸರಿದವು. ಮೂಲೆಯಲ್ಲಿದ್ದ ಪೇದೆಯೊಬ್ಬ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿಕೊಂಡ. ದಫೇದಾರ ಎದ್ದು ಬಂದ. ಬರೆದಿದ್ದ ಹಾಳೆಯನ್ನು ಹರಿದು ಗೋಂದಮ್ಮನ ಮುಖಕ್ಕೆ ಎಸೆದ. ಭುಜ ಹಿಡಿದು ಹೊರಗೆ ನೂಕಿದ. ತಾಯಿ ಮಗಳು ಮೆಟ್ಟಿಲು ಇಳಿದರು. ಅಷ್ಟಕ್ಕೂ ಹೊಟ್ಟೆ ತಣ್ಣಗಾಗದೆ ಬಾಗಿಲ ಹೊರಗಿಟ್ಟಿದ್ದ ಬಕೆಟ್ಟನ್ನು ಒದ್ದ. ಬೆಳಿಗ್ಗೆ ಕಾಯಿಸಿದ ಗೋಂದೆಲ್ಲ ಬುಳಬುಳನೆ ಮೂರು ಮೆಟ್ಟಿಲಿನ ಮೇಲೂ ಹರಿಯಿತು.

"ಬಳಿ ಅದನ್ನ" ಎಂದ. "ಕೈಯಲ್ಲೇ ಬಳೀಬೇಕು. ಬಳಿದು ತೊಳೆದು ಹೋಗು."

ರಸ್ತೆಯಲ್ಲಿ ಜನ ನಿಂತರು. ಗೋಂದಮ್ಮ ಜೀವಮಾನವೆಲ್ಲ ಬಳಿದವಳು. ಬಳಿ ಅಂದಾಗ ಬಳಿದಿದ್ದಳು, ಕೀಳು ಅಂದಾಗ ಕಿತ್ತಿದ್ದಳು. ಸೊಂಟ ಬಾಗುವುದು ಅವಳಿಗೆ ಉಸಿರಾಟದಷ್ಟೇ ರೂಢಿ. ಬಾಗಲಿಕ್ಕೆ ಹೊರಟ ಸೊಂಟ ಅರ್ಧಕ್ಕೆ ನಿಂತಿತು. ಯಾಕೆ ನಿಂತಿತೋ ಅವಳಿಗೇ ಗೊತ್ತಾಗಲಿಲ್ಲ. ಅವಳು ನೆಟ್ಟಗಾದಳು.

"ಬಳಿಯಲ್ಲ" ಎಂದಳು.

"ಏನಂದೆ?"

"ಬಳಿಯಲ್ಲ ಅಂದೆ. ಒದ್ದಿದ್ದು ನೀವು. ನೀವೇ ಬಳೀರಿ."

ದಫೇದಾರ ಕೈ ಎತ್ತಿಕೊಂಡು ಮುಂದೆ ಬಂದ. ಮೊದಲ ಮೆಟ್ಟಿಲ ಮೇಲೆ ಬೂಟಿಟ್ಟ. ಇಟ್ಟದ್ದಷ್ಟೇ. ಕಾಲು ಮುಂದೆ ಹೋಯಿತು, ದೇಹ ಹಿಂದೆ ಉಳಿಯಿತು. ಮೂರೂ ಮೆಟ್ಟಿಲು ಒಂದನ್ನೂ ಬಿಡದೆ ಕುಂಡೆಯ ಮೇಲೆ ಜಾರಿ, ಗೋಂದಮ್ಮನ ಕಾಲ ಬುಡಕ್ಕೆ ಬಂದು ಕೂತ. ಟೋಪಿ ಉರುಳಿ ಹೋಗಿ, ಬಿದ್ದಿದ್ದ ಬಕೆಟ್ಟಿನೊಳಗೆ ಸೇರಿತು. ದಫೇದಾರ ಅತ್ತಿತ್ತ ನೋಡಿದ. ಎರಡು ಕೈ ಊರಿ ಎದ್ದ. ಸೊಂಟ ತಿರುಗಿಸಿ ನೋಡಿಕೊಂಡ. ಹಿಂಭಾಗಕ್ಕೆ ಹತ್ತಿದ ಗೋಂದು ಕೊಡವಲು ಹೋಗಿ ಕೈಗೂ ಹತ್ತಿಸಿಕೊಂಡ.

ಗೋಂದಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಸತ್ತಿಲ್ಲವಲ್ಲ ಸ್ವಾಮಿ ನೀವು" ಎಂದಳು. "ಅದೇ ಮೆಟ್ಟಿಲು. ಬೆನ್ನು ತೋರಿಸಿ ನೋಡೋಣ, ಬಾಸುಂಡೆ ಬಂದಿದ್ಯಾ?"

ಜನರ ಗುಂಪಿನಲ್ಲಿ ಮೊದಲು ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ದಫೇದಾರ ಟೋಪಿಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತಾಯಿ ಮಗಳು ಎರಡು ರಸ್ತೆ ದಾಟುವವರೆಗೂ ಬಿಗಿದುಕೊಂಡೇ ನಡೆದರು. ಮೂರನೆಯ ರಸ್ತೆಯಲ್ಲಿ ಗೋಂದಮ್ಮ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತಳು. ನಗಲು ಹೋಗಿ ಅತ್ತಳು. ಬಿದ್ದವರು ಎದ್ದು ನಿಲ್ಲುತ್ತಾರೆ, ನನ್ನ ಮಗನೂ ಎದ್ದು ನಿಲ್ಲಬೇಕಿತ್ತು ಎಂದು ಅತ್ತಳು. ಮಗಳು ಅಮ್ಮನ ಬೆನ್ನು ನೀವುತ್ತ ಕೂತಳು.

ವಕೀಲಮ್ಮ ಈ ಕಥೆಯನ್ನು ಜಡ್ಜ್ ಸಾಹೇಬರ ಮುಂದೆ ಹೇಳಿದಳು. ಪರದೆಯ ಕೆಳಗಿನ ಬೂಟಿನ ಮಾತು ಬಂದಾಗ ಸಾಹೇಬರು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ಒರೆಸಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆಮೇಲೆ ಗಂಭೀರವಾಗಿ ಆದೇಶ ಬರೆಸಿದರು. ಪ್ರತಿವಾದಿ ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ. ಆದ್ದರಿಂದ ಸಮನ್ಸನ್ನು ಅವರ ಮನೆಯ ಮುಂಬಾಗಿಲಿಗೆ ಎಲ್ಲರಿಗೂ ಕಾಣುವಂತೆ ಅಂಟಿಸತಕ್ಕದ್ದು.

"ಏನು ಮಾಡತಕ್ಕದ್ದಂತೆ?" ಎಂದು ಗೋಂದಮ್ಮ ಕೇಳಿದಳು.

"ಅಂಟಿಸಬೇಕಂತೆ" ಎಂದಳು ವಕೀಲಮ್ಮ. ಹೇಳುವಾಗ ಅವಳ ತುಟಿಯ ಅಂಚು ಕುಣಿಯಿತು.

ಎಷ್ಟೋ ದಿನಗಳಿಂದ ಕೋರ್ಟಿನ ಗೋಡೆಗೆ ಒರಗಿ ನಿಂತು, ಅರ್ಥವಾಗದ ಮಾತುಗಳಿಗೆಲ್ಲ ತಲೆ ಆಡಿಸಿದ್ದ ಗೋಂದಮ್ಮನಿಗೆ ಮೊದಲ ಸಲ ಕಾನೂನಿನ ಒಂದು ಮಾತು ನೇರವಾಗಿ ಕಿವಿಗೆ ಬಿತ್ತು.

ಅಮೀನರು ಪಿಂಚಣಿಯ ಹೊಸ್ತಿಲಲ್ಲಿದ್ದವರು. ಬಡಕಲು ಮೈ, ಬೆವರುವ ಕತ್ತು. ನಿಜ ಹೇಳಬೇಕೆಂದರೆ ಅವರು ಇನ್ಸ್‌ಪೆಕ್ಟರ ಮನೆಯ ಬೀದಿಗೂ ಕಾಲಿಟ್ಟಿರಲಿಲ್ಲ. ಮೂಲೆಯಲ್ಲಿ ಚಹಾ ಕುಡಿದು, ಹುಡುಕಿದರೂ ಸಿಗಲಿಲ್ಲ ಎಂದು ಬರೆದು ವಾಪಸು ಬರುತ್ತಿದ್ದರು. ಈಗ ಅವರು ಒಂದು ಕೈಯಲ್ಲಿ ಸಮನ್ಸನ್ನು ಎದೆಗೆ ಅವಚಿಕೊಂಡು ಬಂದಿದ್ದರು. ಇನ್ನೊಂದು ಕೈಯಲ್ಲಿ ಬೆರಳಿನಷ್ಟು ದೊಡ್ಡ ಅಂಟಿನ ಬಾಟಲಿ. ಅದರ ಬಾಯಿ ಒಣಗಿ ಕಲ್ಲಾಗಿತ್ತು.

"ಇದರಲ್ಲಿ ಅಂಟಿಸ್ತೀರಾ ಅಯ್ಯಾ?" ಎಂದಳು ಗೋಂದಮ್ಮ.

"ಆಫೀಸಲ್ಲಿ ಕೊಡೋದು ಇಷ್ಟೇನಮ್ಮ."

"ಅಂಟಿಸೋದು ನೀವೇ ಆಗ್ಬೇಕು ಅಂತ ವಕೀಲಮ್ಮ ಹೇಳಿದಾಳೆ. ಗೋಂದು ಯಾರದು ಅಂತ ಆರ್ಡರಲ್ಲಿ ಬರೆದಿದ್ಯಾ?"

ಅಮೀನರು ಆದೇಶವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬರೆದಿರಲಿಲ್ಲ.

ಇನ್ಸ್‌ಪೆಕ್ಟರ ಮನೆ ಹೊಸದು. ಮುಂಬಾಗಿಲು ತೇಗದ್ದು. ಬಳ್ಳಿ, ಹೂವು, ನವಿಲು ಕೆತ್ತಿಸಿ, ಮುಖ ಕಾಣುವಷ್ಟು ಪಾಲಿಷ್ ಮಾಡಿಸಿದ್ದರು. ಇನ್ಸ್‌ಪೆಕ್ಟರಿಗೆ ಆ ಬಾಗಿಲಿನ ಮೇಲೆ ಎಲ್ಲಿಲ್ಲದ ಅಭಿಮಾನ, ಬಂದವರಿಗೆಲ್ಲ ಮುಟ್ಟಿ ನೋಡಿ ಅನ್ನುತ್ತಿದ್ದರು ಎಂದು ಎದುರುಗಡೆಯ ಇಸ್ತ್ರಿ ಅಂಗಡಿಯವನು ಹೇಳಿದ. ಅವನೇ ಸಾಕ್ಷಿಗೆ ನಿಂತ. ಇನ್ಸ್‌ಪೆಕ್ಟರ ಬಟ್ಟೆಯನ್ನು ವರ್ಷಗಟ್ಟಲೆ ಬಿಟ್ಟಿ ಇಸ್ತ್ರಿ ಮಾಡಿದವನು ಅವನು, ಕರೆಯುವುದಕ್ಕೆ ಮುಂಚೆಯೇ ಬಂದ.

ಹಾಡಹಗಲು. ಅಮೀನರು ಬಾಗಿಲು ತಟ್ಟಿದರು. ಒಳಗಿನಿಂದ ಹೆಂಗಸಿನ ದನಿ, ಸಾಹೇಬರು ಇಲ್ಲ ಎಂದಿತು. ಎಲ್ಲಿದ್ದಾರೆ ಎಂದರೆ ಗೊತ್ತಿಲ್ಲ ಎಂದಿತು. ಅಮೀನರು ಕುಂಚ ತೆಗೆದುಕೊಂಡರು. ಪೆನ್ನು ಹಿಡಿದ ಹಾಗೆ ಹಿಡಿದಿದ್ದರು. ಗೋಂದಮ್ಮ ಕುಂಚವನ್ನು ಅವರ ಮುಷ್ಟಿಯಲ್ಲಿ ಸರಿಯಾಗಿ ಕೂರಿಸಿದಳು.

"ಹೆದರ್ಬೇಡಿ. ಗೋಡೆ ಅಂದ್ಕೊಳ್ಳಿ. ಕೆಳಗಿಂದ ಮೇಲಕ್ಕೆ. ಇನ್ನೂ ಬಳೀರಿ, ಆ ನವಿಲಿನ ಕೊಕ್ಕಿನ ಸಂದಿಗೂ ಹೋಗ್ಲಿ. ಹಾಂ. ಈಗ ಕಾಗದ. ನಡುವಿನಿಂದ ಅಂಚಿಗೆ ಒತ್ತಿ, ಗಾಳಿ ಉಳೀಬಾರ್ದು. ಈಗ ಮೇಲೊಂದು ಸಲ ಬಳೀರಿ."

ಬಳಿಯುತ್ತ ಬಳಿಯುತ್ತ ಅಮೀನರ ಬೆನ್ನು ನೆಟ್ಟಗಾಯಿತು. ಕೊನೆಗೆ ಒಂದು ಹೆಜ್ಜೆ ಹಿಂದೆ ಬಂದು, ತಲೆ ಓರೆ ಮಾಡಿ ನೋಡಿದರು. "ಚೆನ್ನಾಗಿ ಕೂತಿದೆ ಅಲ್ವಾ?" ಎಂದರು. ಇಷ್ಟು ವರ್ಷದ ಸರ್ವಿಸಿನಲ್ಲಿ ಅವರು ಸರಿಯಾಗಿ ಜಾರಿ ಮಾಡಿದ ಸಮನ್ಸು ಇದೇ ಮೊದಲಿರಬೇಕು.

ಪೋಸ್ಟರ್ ಅಂಟಿಸುವವರಿಗೆ ಒಂದು ಅಭ್ಯಾಸ. ಮರುದಿನ ಬೆಳಿಗ್ಗೆ ಬಂದು ನೋಡಲೇಬೇಕು, ಹರಿದಿದೆಯೋ ನಿಂತಿದೆಯೋ ಅಂತ. ಗೋಂದಮ್ಮ ಮತ್ತು ಮಗಳು ಬಿಸಿಲು ಏರಿದ ಮೇಲೆ ಇಸ್ತ್ರಿ ಅಂಗಡಿಯ ಹತ್ತಿರ ಬಂದು ನಿಂತರು.

ಕಾಣೆಯಾಗಿದ್ದ ಇನ್ಸ್‌ಪೆಕ್ಟರು ಸಿಕ್ಕಿದ್ದರು. ಮೈಮೇಲೆ ಬನಿಯನ್, ಮಡಚಿದ ಪ್ಯಾಂಟು. ತೇಗದ ಬಾಗಿಲ ಮುಂದೆ ಮಂಡಿಯೂರಿ, ಅಡುಗೆಮನೆಯ ಚಾಕುವಿನಿಂದ ಸಮನ್ಸು ಕೆರೆಯುತ್ತಿದ್ದರು. ಪೇದೆಯ ಕೈಗೆ ಕೊಟ್ಟರೆ ಬಾಗಿಲು ಹಾಳು ಮಾಡುತ್ತಾನೆ ಎಂದು ತಾವೇ ಕೂತಿದ್ದರಂತೆ. ಕಾಗದ ಅಕ್ಕಿಕಾಳಿನಷ್ಟು ಬರುತ್ತಿತ್ತು, ಅದರ ಜೊತೆ ಪಾಲಿಷ್ಷೂ ಬರುತ್ತಿತ್ತು. ನವಿಲಿನ ಕುತ್ತಿಗೆಯ ಮೇಲೆ ಉದ್ದಕ್ಕೊಂದು ಗೀರು ಬಿದ್ದಿತ್ತು. ಇನ್ಸ್‌ಪೆಕ್ಟರ ಉಗುರಿನ ಸಂದಿಯಲ್ಲೆಲ್ಲ ಗೋಂದು.

ಗೋಂದಮ್ಮ ನಗಬೇಕೆಂದೇ ಬಂದಿದ್ದಳು. ನಗು ಬರಲಿಲ್ಲ. ಮಗನ ಹೆಣ ಕೊಟ್ಟ ದಿನ ಇದೇ ಮನುಷ್ಯ ಅವಳನ್ನು ಮಾರುಕಟ್ಟೆಯ ಗೋಡೆಯ ಹತ್ತಿರ ಕರೆಸಿದ್ದ. ಆ ಕೋಡಂಗಿಯ ಪೋಸ್ಟರನ್ನು ಉಗುರಿನಿಂದ ಕಿತ್ತು ಮುಗಿಸು, ಆಮೇಲೆ ಹೆಣ ತಗೊಂಡು ಹೋಗು ಎಂದಿದ್ದ. ಕಿತ್ತಿದ್ದಳು. ಮಗ ಹಚ್ಚಿದ ಗೋಂದು ಗಟ್ಟಿಯಾಗಿತ್ತು. ಉಗುರು ಒಡೆದು ರಕ್ತ ಗೋಡೆಗೆ ಹತ್ತಿತು. ಇನ್ಸ್‌ಪೆಕ್ಟರು ಜೀಪಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಇದನ್ನು ಅವಳು ವಕೀಲಮ್ಮನಿಗೂ ಹೇಳಿರಲಿಲ್ಲ. ನಾಚಿಕೆಯಾಗಿತ್ತು. ಈಗ ನಾಚಿಕೆ ಹೋಗಿ ಸಿಟ್ಟು ಬಂತು. ರಸ್ತೆ ದಾಟಿ ಹೋಗಿ ಗೇಟಿನ ಹತ್ತಿರ ನಿಂತಳು.

"ನಮಸ್ಕಾರ ಸ್ವಾಮಿ. ಸಿಕ್ಕಿದ್ರಲ್ಲ, ಸದ್ಯ. ನಾವು ಗಾಬರಿಯಾಗಿದ್ವಿ."

ಇನ್ಸ್‌ಪೆಕ್ಟರು ತಿರುಗಿ ನೋಡಿದರು. ಕಣ್ಣು ಕೆಂಡ. "ನಿನ್ನ ಕೈಯೇನೇ ಇದು?"

"ಕೈ ಅಮೀನ್ರದು. ಗೋಂದು ನಂದು."

ಅಷ್ಟರಲ್ಲಿ ಒಳಗಿನಿಂದ ಪೇದೆ ಒಂದು ಪಾತ್ರೆಯಲ್ಲಿ ಕುದಿಯುವ ನೀರು ತಂದ. ಗೋಂದಮ್ಮ ನೋಡಿದಳು. ಕಸುಬಿನವಳು, ಬಾಯಿ ತಡೆಯಲಿಲ್ಲ.

"ಕುದಿಯೋ ನೀರು ಹಾಕ್ಬೇಡಿ. ಪಾಲಿಷ್ ಎದ್ದುಹೋಗುತ್ತೆ. ಒದ್ದೆಬಟ್ಟೆ ಹಾಕಿ ನೆನೆಯಕ್ಕೆ ಬಿಡಿ, ತಾನಾಗೇ ಬರುತ್ತೆ."

ನಿಜವನ್ನೇ ಹೇಳಿದ್ದಳು. ಆದರೆ ಹೇಳಿದವಳು ಯಾರು? ಇನ್ಸ್‌ಪೆಕ್ಟರ ತಲೆಗೆ ಪಿತ್ತ ಏರಿತು. "ನೀನು ನನಗೆ ಹೇಳಿಕೊಡ್ತೀಯಾ?" ಎಂದು ಪಾತ್ರೆ ಕಿತ್ತುಕೊಂಡು ಬಾಗಿಲಿಗೆ ಎರಚಿದರು. ತೇಗದ ಬಾಗಿಲು ಉಸ್ಸೆಂದಿತು. ಮೇಲಿನಿಂದ ಕೆಳಗಿನವರೆಗೆ ಪಾಲಿಷ್ಷು ಬೆಳ್ಳಗೆ ಬೊಬ್ಬೆ ಎದ್ದಿತು. ನವಿಲಿಗೆ ತೊನ್ನು ಹತ್ತಿದ ಹಾಗಾಯಿತು. ಸಮನ್ಸು ಮಾತ್ರ ಅರ್ಧ ಅಲ್ಲೇ ಇತ್ತು, ಇನ್ಸ್‌ಪೆಕ್ಟರ ಹೆಸರಿದ್ದ ಅರ್ಧ.

"ನಾನು ಹೇಳ್ದೆ" ಎಂದು ಗೋಂದಮ್ಮ ಮಗಳಿಗೆ ಹೇಳಿದಳು. ಇಬ್ಬರೂ ಕೆಲಸಕ್ಕೆ ಹೋದರು.

ತಾರೀಕಿನ ದಿನ ಕೋರ್ಟು ತುಂಬಿತ್ತು. ಸ್ಟೇಷನ್ನಿನ ಮೆಟ್ಟಿಲಿನ ಕಥೆ, ಬಾಗಿಲಿನ ಕಥೆ ಎರಡೂ ಕಾಲು ಬಂದು ಓಡಾಡಿದ್ದವು. ಇನ್ಸ್‌ಪೆಕ್ಟರು ಬಂದೇ ಬಂದರು. ಬಾರದೆ ಇದ್ದಿದ್ದರೆ ಸಮನ್ಸು ಕಾಣಲೇ ಇಲ್ಲ ಎಂದು ಇನ್ನೂ ಒಂದಿಷ್ಟು ದಿನ ತಳ್ಳಬಹುದಿತ್ತು. ಆದರೆ ಬಾಗಿಲಿನ ಸಿಟ್ಟು ಅವರನ್ನು ಕೂರಲು ಬಿಟ್ಟಿರಲಿಲ್ಲ. ಗರಿಗರಿ ಕೋಟಿನ ಲಾಯರನ್ನು ಕಟ್ಟಿಕೊಂಡು, ಗೋಂದಮ್ಮನ ಮೇಲೆ ಪ್ರತಿಯಾಗಿ ಒಂದು ಅರ್ಜಿ ಹಿಡಿದುಕೊಂಡು ಬಂದಿದ್ದರು. ಬಾಗಿಲು ಹಾಳಾಗಿದ್ದಕ್ಕೆ ಪರಿಹಾರ ಕೊಡಿಸಬೇಕೆಂದು ಅರ್ಜಿ. ಒಂದೆರಡು ಹಾಳೆಯಲ್ಲ, ಒಂದು ಕಟ್ಟು.

ಕೋಟಿನ ಲಾಯರು ಎದ್ದು ನಿಂತು ಓದಿದರು. ಯಾವ ದಿನ, ಯಾವ ಹೊತ್ತಿನಲ್ಲಿ, ಯಾರು ಬಂದರು, ಯಾವ ಕೈಯಲ್ಲಿ ಕುಂಚ ಹಿಡಿದಿದ್ದರು. ನವಿಲಿನ ಕುತ್ತಿಗೆಯ ಗೀರು ಎಷ್ಟು ಉದ್ದ, ಎಷ್ಟು ಆಳ. ಬಳ್ಳಿಯ ಮೇಲಿನ ಗೀರು ಎಷ್ಟು ಉದ್ದ. ಯಾವ ಗೀರು ಚಾಕುವಿನ ತುದಿಯಿಂದ ಆದದ್ದು, ಯಾವುದು ಅಲಗಿನಿಂದ. ಬಿಸಿನೀರು ಎಲ್ಲಿಂದ ಎಲ್ಲಿಗೆ ಹರಿಯಿತು. ಒಂದೊಂದು ಗೀರಿಗೂ ಒಂದೊಂದು ಫೋಟೋ. ಬಾಗಿಲನ್ನು ನೋಡಿದಾಗಲೆಲ್ಲ ತಮ್ಮ ಕಕ್ಷಿದಾರರಿಗೆ ಆಗುವ ಮನೋವೇದನೆ. ಓದಿ ಮುಗಿಸುವ ಹೊತ್ತಿಗೆ ಲಾಯರ ಗಂಟಲು ಒಣಗಿತ್ತು.

"ಸಮನ್ಸನ್ನು ಕೆರೆದದ್ದು ನಿಮ್ಮ ಕಕ್ಷಿದಾರರೇ ಅನ್ನಿ" ಎಂದರು ಜಡ್ಜ್ ಸಾಹೇಬರು.

"ಹೌದು ಸ್ವಾಮಿ, ಸ್ವಂತ ಕೈಯಿಂದ."

"ಅಂದ ಮೇಲೆ ಸಮನ್ಸು ಮುಟ್ಟಿದೆ."

ಸಾಹೇಬರು ಬರೆದುಕೊಂಡರು. ವಕೀಲಮ್ಮ ಮೇಜಿನ ಕೆಳಗೆ ಗೋಂದಮ್ಮನ ಕೈ ಹಿಡಿದು ಹಿಸುಕಿದಳು. ದಾವೆ ಉಳಿದಿತ್ತು.

ಲಾಯರು ಸೋಲು ಒಪ್ಪಿಕೊಳ್ಳುವ ಪೈಕಿಯವರಲ್ಲ. "ಇರಲಿ ಸ್ವಾಮಿ. ಆದ್ರೆ ಈ ದಾವೆಯಲ್ಲಿ ಹುರುಳೇ ಇಲ್ಲ. ಸತ್ತವನು ಕೂಲಿಯವನು, ನಿಗದಿಯಾದ ಸಂಪಾದನೆಯೂ ಇರಲಿಲ್ಲ. ಪರಿಹಾರ ಯಾವ ಲೆಕ್ಕದಲ್ಲಿ ಕೊಡೋದು? ಇನ್ನು ಘಟನೆ ನಡೆದು ಬಹಳ ದಿನ ಆಗಿದೆ. ಆ ದಿನದ ವಿವರ ನಮ್ಮ ಕಕ್ಷಿದಾರರಿಗೆ ನೆನಪೂ ಇಲ್ಲ. ಜಾರಿ ಬಿದ್ದ ಅನ್ನೋದಷ್ಟೇ ಗೊತ್ತು" ಎಂದರು.

"ನಾನೊಂದು ಮಾತು ಆಡ್ಬಹುದಾ?" ಎಂದಿತು ಒಂದು ದನಿ.

ಗೋಂದಮ್ಮ ಎದ್ದು ನಿಂತಿದ್ದಳು. ವಕೀಲಮ್ಮ ತಡೆಯಲಿಲ್ಲ. ಸಾಹೇಬರು ತಲೆ ಆಡಿಸಿದರು.

"ಸ್ವಾಮಿ, ಇವರು ಬಾಗಿಲಿಗೆ ಎಷ್ಟು ಚೆನ್ನಾಗಿ ಬರ್ಕೊಂಡು ಬಂದಿದಾರೆ. ನಾನು ಕೇಳ್ತಾ ಇದ್ದೆ. ಒಂದು ಗೀರೂ ಬಿಟ್ಟಿಲ್ಲ. ಯಾವ ಹೊತ್ತು, ಯಾವ ಕೈ, ಯಾವ ಅಲಗು, ಎಷ್ಟು ಆಳ, ಎಲ್ಲಾ ನೆನಪಿದೆ ಇವರಿಗೆ." ಅವಳ ದನಿ ಏರಲಿಲ್ಲ. "ನನ್ನ ಮಗನ ಮೈಮೇಲೂ ಗೀರಿತ್ತು. ಹೆಣಕ್ಕೆ ನೀರು ಹಾಕ್ದೋಳು ನಾನು, ಒಂದೊಂದೂ ನೋಡಿದೀನಿ. ಇದೇ ಥರ ಬರೀಲಿ. ಬೆನ್ನಿನ ಮೇಲಿಂದು ಯಾವ ಕೈಯಿಂದ ಆಯ್ತು, ಅಂಗಾಲಿಂದು ಯಾವುದರಿಂದ ಆಯ್ತು, ಯಾರು ಹಿಡ್ಕೊಂಡಿದ್ರು, ಯಾವ ಹೊತ್ತಿಗೆ ಅವನು ಅಮ್ಮಾ ಅನ್ನೋದು ನಿಲ್ಲಿಸ್ದ. ಬಾಗಿಲಿಗೆ ಬರೆದಷ್ಟು ಬರೀಲಿ. ಹೆಚ್ಚು ಬೇಡ."

ಇನ್ಸ್‌ಪೆಕ್ಟರು ಲಾಯರ ಕಿವಿಯಲ್ಲಿ ಏನೋ ಗೊಣಗಿದರು. ಲಾಯರು ಎದ್ದು, ಬಾಗಿಲಿನ ಅರ್ಜಿಯನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದರು.

"ಬೇಡ ಸ್ವಾಮಿ" ಎಂದಳು ಗೋಂದಮ್ಮ. "ಅದು ಅಲ್ಲೇ ಇರ್ಲಿ. ಹೇಗೆ ಬರೀಬೇಕು ಅಂತ ಮತ್ತೆ ಮರೆತ್ರೆ, ಅದನ್ನ ನೋಡ್ಕೊಂಡು ಬರೀಲಿ."